ಭಾನುವಾರದ ಪ್ರಸಂಗಕ್ಕೆ ತಯಾರಿ ಹೇಗೆ?

ಮುಂಬೈನ ಕನ್ನಡ ಕ್ರೈಸ್ತ ಸಭೆಗಳಲ್ಲಿ ಸಭಾಪಾಲಕರು (ಪಾಸ್ಟರ್) ಊರಿಗೆ ಹೋದರೆ ಪ್ರಸಂಗ, ಅಂದರೆ ಆರಾಧನೆಯಲ್ಲಿ ಮಾಡುವ ಬೋಧನೆ, ಸಭಿಕರಲ್ಲಿ ಯಾರಾದರೊಬ್ಬರ ಪಾಲಿಗೆ ಬರುತ್ತದೆ. 'ನೀವೇ ಎರಡು ಮಾತು ಹೇಳಿಬಿಡಿ' ಅಂತ ಶುಕ್ರವಾರ ಫೋನ್ ಬರುತ್ತದೆ. ಗಾಬರಿ ಬೇಡ, ಒಂದು ದಾರಿ ಇದೆ.

ಪಾಠ ಹಿಡಿಯಿರಿ. ಆ ದಿನಕ್ಕೆ ಗೊತ್ತುಮಾಡಿದ ಬೈಬಲ್ ಪಾಠವಿದ್ದರೆ ಅದೇ ಸಾಕು. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯ ಬಂದಿದೆ ಅಂದುಕೊಳ್ಳಿ: ಯೇಸು ಹೇಳಿದ ದ್ರಾಕ್ಷಿತೋಟದ ಕೂಲಿಗಳ ಕಥೆ. ಯಜಮಾನ ಬೆಳಗ್ಗೆ ಕೆಲವರನ್ನು ಕರೆಯುತ್ತಾನೆ, ಸಂಜೆ ಐದಕ್ಕೂ ಕೆಲವರನ್ನು ಕರೆಯುತ್ತಾನೆ. ಕೊನೆಗೆ ಎಲ್ಲರಿಗೂ ಒಂದೇ ಕೂಲಿ.

ಗಟ್ಟಿಯಾಗಿ, ನಿಧಾನಕ್ಕೆ ಓದಿ. ಕಣ್ಣಿಗೆ ತಪ್ಪಿದ್ದು ಕಿವಿಗೆ ಸಿಗುತ್ತದೆ. ಸಂಜೆ ಬಂದವರಿಗೇ ಮೊದಲು ಕೂಲಿ ಕೊಡುತ್ತಾರೆ, ಗಮನಿಸಿದಿರಾ? ಬೆಳಗ್ಗೆ ಬಂದವರಿಗೆ ಮೊದಲು ಕೊಟ್ಟಿದ್ದರೆ ಅವರು ಸುಮ್ನೆ ಮನೆಗೆ ಹೋಗುತ್ತಿದ್ದರು. ಜಗಳವೂ ಇಲ್ಲ, ಕಥೆಯೂ ಇಲ್ಲ. ಈಗ ಹಿಂದಿನ ಅಧ್ಯಾಯ ತೆಗೆಯಿರಿ. ಅಲ್ಲಿ ಯೇಸುವಿನ ಶಿಷ್ಯ ಪೇತ್ರ, 'ನಾವು ಎಲ್ಲ ಬಿಟ್ಟು ಬಂದೆವಲ್ಲ, ನಮಗೇನು ಸಿಗುತ್ತದೆ?' ಎಂದು ಕೇಳಿರುತ್ತಾನೆ. ಅಂದರೆ ಈ ಕಥೆ ಸಭೆಯ ಹಳಬರಿಗೇ ಹೇಳಿದ್ದು. ಮುಂದಿನ ಸಾಲಿನಲ್ಲಿ ಕೂರುವವರಿಗೆ ಸ್ವಲ್ಪ ಚುರುಕು ಮುಟ್ಟಬೇಕು.

ಒಂದೇ ವಾಕ್ಯ ಬರೆಯಿರಿ. 'ದೇವರು ಹಾಜರಿ ಪುಸ್ತಕ ನೋಡಿ ಕೊಡುವವನಲ್ಲ.' ಇದಕ್ಕೆ ಹೊಂದದ ಮಾತನ್ನೆಲ್ಲ ಬಿಡಿ, ಎಷ್ಟೇ ಚೆನ್ನಾಗಿದ್ದರೂ. ನಮ್ಮ ಹರಿಕಥೆ ದಾಸರು ಉಪಕಥೆ ಸುತ್ತಿ ಮತ್ತೆ ಪಲ್ಲವಿಗೆ ಬರುತ್ತಾರಲ್ಲ, ಹಾಗೆ ನೀವೂ ಈ ವಾಕ್ಯಕ್ಕೆ ಮರಳಿ ಬನ್ನಿ. ಮಹಾರಾಷ್ಟ್ರದಲ್ಲಿ ಕವಿ ನಾರಾಯಣ ವಾಮನ ಟಿಳಕರು 20ನೇ ಶತಮಾನದ ಆರಂಭದಲ್ಲೇ ಯೇಸುವಿನ ಕಥೆಗೆ ಕೀರ್ತನೆಯ ರೂಪ ಬಳಸಿದ್ದರು.

ಉದಾಹರಣೆ ಹತ್ತಿರದ್ದಿರಲಿ. ಕಲಬುರಗಿ, ರಾಯಚೂರು ಕಡೆಯವರು ಬೆಳಗ್ಗೆ ಬುತ್ತಿ ಹಿಡಿದು ನಾಕಾದಲ್ಲಿ, ಅಂದರೆ ರಸ್ತೆ ಕೂಡುವಲ್ಲಿ, ಕೂಲಿಗೆ ಕಾದು ನಿಂತಿರುತ್ತಾರೆ. ಮಧ್ಯಾಹ್ನದವರೆಗೂ ನಿಂತವರನ್ನು 'ಯಾಕೆ ಸುಮ್ನೆ ನಿಂತಿದ್ದೀರಿ?' ಎಂದು ಕೇಳಿದರೆ ಬರುವ ಉತ್ತರ ಮತ್ತಾಯನಲ್ಲೇ ಇದೆ: 'ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ.' ಆದರೆ ಅಂಥವರು ನಿಮ್ಮ ಸಭೆಯಲ್ಲೇ ಕೂತಿರಬಹುದು. ಅವರನ್ನು ಬೊಟ್ಟು ಮಾಡಿ ತೋರಿಸಬೇಡಿ.

ಭಾಷೆ ಕೇಳುವವರದ್ದಾಗಲಿ. ಸಭೆಯಲ್ಲಿ ಮಂಗಳೂರಿನವರು, ಧಾರವಾಡದವರು, ಕನ್ನಡ ಮಾತಾಡಿದರೂ ಓದಲು ಬಾರದ ಇಲ್ಲಿನ ಮಕ್ಕಳು, ಎಲ್ಲರೂ ಇರುತ್ತಾರೆ. ಸತ್ಯವೇದದ (ಕನ್ನಡ ಬೈಬಲ್‌ನ) ಹಳೆಯ ಕನ್ನಡ ಓದಲು ಚೆಂದ. ಪ್ರಸಂಗವನ್ನೂ ಅದೇ ಕನ್ನಡದಲ್ಲಿ ಮಾಡಿದರೆ ಮಕ್ಕಳು ಕೈಬಿಟ್ಟು ಹೋಗುತ್ತಾರೆ. ಈ ಕರಾವಳಿಯಲ್ಲಿ ಇದನ್ನು ಬೇಗ ಅರಿತವರಿದ್ದರು. 1542ರಲ್ಲಿ ಗೋವಾಕ್ಕೆ ಬಂದ ಫ್ರಾನ್ಸಿಸ್ ಕ್ಸೇವಿಯರ್ ಬೀದಿಯಲ್ಲಿ ಗಂಟೆ ಬಾರಿಸಿ ಮಕ್ಕಳನ್ನು ಧರ್ಮಪಾಠಕ್ಕೆ ಕರೆಯುತ್ತಿದ್ದರು. 1579ರಲ್ಲಿ ಬಂದ ಇಂಗ್ಲಿಷ್ ಪಾದ್ರಿ ಥಾಮಸ್ ಸ್ಟೀಫನ್ಸ್ ಒಂದು ಹೆಜ್ಜೆ ಮುಂದೆ ಹೋದರು. ಬೈಬಲ್ ಕಥೆಯನ್ನು ಓವಿ ಎಂಬ ಮರಾಠಿ ಪದ್ಯರೂಪದಲ್ಲಿ, ಕೊಂಕಣಿ ಪದ ಬೆರೆಸಿ ಬರೆದರು. ಆ 'ಕ್ರಿಸ್ತಪುರಾಣ' 1616ರಲ್ಲಿ ಗೋವಾದ ರಾಯ್ತೂರಿನಲ್ಲಿ (ರಾಚೋಲ್) ಅಚ್ಚಾಯಿತು. ಪುರಾಣ ಕೇಳಿ ಬೆಳೆದ ಜನಕ್ಕೆ ಪುರಾಣದ ಧಾಟಿಯಲ್ಲೇ ಹೇಳಿದರು.

ನಿಂತು ಹೇಳಿ. ಯೇಸು ನಜರೇತಿನಲ್ಲಿ ಯೆಶಾಯನ ಸುರುಳಿ ಓದಿ, ಕೂತು ಬೋಧಿಸಿದರು. ಅದು ಆಗಿನ ರೂಢಿ, ನಾವು ನಿಂತೇ ಹೇಳೋಣ. ಬೋಧನೆ ತಿಳಿಸಬೇಕು, ಹಿಡಿಸಬೇಕು, ಮನಸ್ಸು ಕದಲಿಸಬೇಕು ಅಂದವರು ಸಂತ ಅಗಸ್ಟೀನ್. ಹೊಸಬರು ಮೊದಲನೆಯದಕ್ಕೆ ಜಾಸ್ತಿ ಗಮನ ಕೊಡಲಿ ಅನ್ನುತ್ತೇನೆ. 4ನೇ ಶತಮಾನದ ಹೆಸರಾಂತ ಬೋಧಕ ಜಾನ್ ಕ್ರಿಸೊಸ್ಟಮ್ ಮಾತಾಡಿದರೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಅವರಿಗೆ ಅದು ಸರಿಬರುತ್ತಿರಲಿಲ್ಲ, ಗದರಿದ್ದೂ ಉಂಟು. ನಮಗೆ ಆ ತೊಂದರೆ ಇಲ್ಲ ಬಿಡಿ.

ಸಮಯ ನೋಡಿ. ನಿದ್ದೆ ಬರುತ್ತದೆ, ಎಂಟು ನಿಮಿಷ ಮೀರಬೇಡಿ ಎಂದು ಪೋಪ್ ಫ್ರಾನ್ಸಿಸ್ 2024ರಲ್ಲಿ ಪಾದ್ರಿಗಳಿಗೆ ಹೇಳಿದ್ದರು. ಪ್ರೊಟೆಸ್ಟೆಂಟ್ ಸಭೆಗಳಿಗೆ ಎಂಟು ನಿಮಿಷ ಸಾಲದು. ಹೊಸಬರಿಗೆ ಹದಿನೈದು ಸಾಕು. ಕೊನೆಯ ವಾಕ್ಯ ಬರೆದಿಟ್ಟುಕೊಳ್ಳಿ. 'ಕೊನೆಯದಾಗಿ' ಅಂದ ಮೇಲೆ ಹೊಸ ಕಥೆ ಶುರು ಮಾಡಬೇಡಿ. ಭಾನುವಾರ ಲೋಕಲ್ ರೈಲಿಗೆ ಮೆಗಾಬ್ಲಾಕ್ (ಹಳಿ ದುರಸ್ತಿಗೆ ಓಡಾಟ ನಿಲ್ಲಿಸುವುದು) ಬೇರೆ ಇರುತ್ತದೆ, ಜನ ಮನೆಗೆ ಹೋಗಬೇಕು.