ಚಿತ್ರಕ್ಕೆ ತಕ್ಕ ಕ್ಯಾನ್ವಾಸ್ ಆರಿಸುವ ಬಗೆ

ಕ್ಯಾನ್ವಾಸ್ ಕೊಳ್ಳಲು ಅಂಗಡಿಗೆ ಹೋಗುವ ಮುನ್ನವೇ ಕೆಲವು ಸಂಗತಿಗಳನ್ನು ನಿಶ್ಚಯಿಸಿಕೊಂಡಿರಬೇಕು. ಬಳಸುವುದು ತೈಲವರ್ಣವೋ ಅಕ್ರಿಲಿಕ್ಕೋ, ಅದನ್ನು ತೆಳುವಾಗಿ ಹಚ್ಚುವಿರೋ ದಪ್ಪನಾಗಿ ಮೆತ್ತುವಿರೋ, ಚಿತ್ರದ ಅಳತೆ ಎಷ್ಟು, ಮುಗಿದ ಮೇಲೆ ಅದು ಯಾವ ಊರಿನ ಹವೆಯಲ್ಲಿ ಗೋಡೆಯ ಮೇಲಿರುತ್ತದೆ ಎಂಬುವು ಗೊತ್ತಿದ್ದರೆ ಆಯ್ಕೆ ಬಹುಪಾಲು ಮುಗಿದಂತೆಯೇ. ಬೆಲೆಯ ವಿಚಾರ ಇವುಗಳ ನಂತರ ಬರಲಿ.

ನಮ್ಮ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಹತ್ತಿಯ ಕ್ಯಾನ್ವಾಸ್. ಅಗಸೆ ನಾರಿನಿಂದ ನೇಯ್ದ ಲಿನನ್ ಅದಕ್ಕಿಂತ ಗಟ್ಟಿ, ಅದರ ನಾರು ಉದ್ದ, ಎಳೆದು ಬಿಗಿದ ಮೇಲೆ ಹತ್ತಿಯಷ್ಟು ಹಿಗ್ಗುವುದಿಲ್ಲ. ಬೆಲೆ ಮಾತ್ರ ಹಲವು ಪಟ್ಟು ಹೆಚ್ಚು. ಕಲಿಕೆಯ ಮೊದಲ ದಿನಗಳಲ್ಲೇ ಲಿನನ್ ಕೊಳ್ಳಬೇಕೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಒಳ್ಳೆಯ ತೂಕದ, ಚೆನ್ನಾಗಿ ಪ್ರೈಮರ್ (ಬಣ್ಣಕ್ಕೆ ಮುಂಚೆ ಬಟ್ಟೆಗೆ ಬಳಿಯುವ ತಳಲೇಪ) ಹಚ್ಚಿದ ಹತ್ತಿಯ ಬಟ್ಟೆಯು ಕಳಪೆ ಲಿನನ್‌ಗಿಂತ ಎಷ್ಟೋ ಮೇಲು. ಸೆಣಬಿನ ಬಟ್ಟೆಯ ಒರಟುತನ ಕಣ್ಣಿಗೆ ಹಿತವೆನಿಸಿದರೂ ಅದು ಬೇಗ ಪೆಡಸಾಗಿ ಹರಿಯುವುದರಿಂದ, ಬಹುಕಾಲ ಉಳಿಯಬೇಕಾದ ಚಿತ್ರಕ್ಕೆ ಅದು ಬೇಡ.

ಬಟ್ಟೆಯ ತೂಕವನ್ನು ಜಿಎಸ್‌ಎಂನಲ್ಲಿ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು, ಇಲ್ಲವೇ ಚದರ ಗಜಕ್ಕೆ ಎಷ್ಟು ಔನ್ಸ್ ಎಂದು ನಮೂದಿಸಿರುತ್ತಾರೆ. ಒಂದು ಔನ್ಸ್ ಎಂದರೆ ಸುಮಾರು 34 ಜಿಎಸ್‌ಎಂ. ಹಾಗಾಗಿ 7 ಔನ್ಸಿನ ಬಟ್ಟೆ ಸುಮಾರು 240, 10 ಔನ್ಸಿನದು ಸುಮಾರು 340 ಜಿಎಸ್‌ಎಂ ತೂಗುತ್ತದೆ. ಅಭ್ಯಾಸಕ್ಕೆ ಮತ್ತು ಚಿಕ್ಕ ಅಳತೆಗೆ ಮೊದಲನೆಯದು ಸಾಕು, ಮೂರು ಅಡಿ ಮೀರಿದ ಚಿತ್ರಕ್ಕೆ ಅಥವಾ ಪ್ಯಾಲೆಟ್ ನೈಫ್ ಎಂಬ ಚಪ್ಪಟೆ ಅಲಗಿನಿಂದ ದಪ್ಪನಾಗಿ ಬಣ್ಣ ಮೆತ್ತುವ ಕೆಲಸಕ್ಕೆ ಎರಡನೆಯದಕ್ಕಿಂತ ಕಡಿಮೆ ಬೇಡ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಷ್ಟೋ ಪೊಟ್ಟಣಗಳ ಮೇಲೆ ಬರೆದಿರುವುದು ಪ್ರೈಮರ್ ಹಚ್ಚಿದ ನಂತರದ ತೂಕ. 380 ಜಿಎಸ್‌ಎಂ ಎಂದು ಓದಿ ಭಾರವಾದ ಬಟ್ಟೆಯೆಂದು ಭಾವಿಸಿದರೆ, ಅದರಲ್ಲಿ ಒಂದು ಪಾಲು ಬರಿಯ ಬಿಳಿಯ ಲೇಪವೇ ಆಗಿರಬಹುದು. ತೂಕ ಲೇಪಕ್ಕೆ ಮುಂಚಿನದೋ ನಂತರದ್ದೋ ಎಂದು ಕೇಳಿಯೇ ಕೊಳ್ಳಿ.

ನೇಯ್ಗೆಯ ವಿಚಾರ ಸರಳವಾದದ್ದು. ಮುಖಚಿತ್ರ ಮತ್ತು ಸೂಕ್ಷ್ಮ ಕುಸುರಿಗೆ ಎಳೆಗಳು ಕಾಣದಷ್ಟು ನಯವಾದ ನೇಯ್ಗೆ ಬೇಕು. ಅಗಲವಾದ ಕುಂಚದಿಂದ ನಿಸರ್ಗದೃಶ್ಯ ಬರೆಯುವವರಿಗೆ ಬಣ್ಣವನ್ನು ಹಿಡಿದುಕೊಳ್ಳುವ ಒರಟು ನೇಯ್ಗೆ ಅನುಕೂಲ. ಹಾಸು ಮತ್ತು ಹೊಕ್ಕು ಒಂದೇ ದಪ್ಪದವಾಗಿದ್ದು, ಗಂಟುಗಳು ಎದ್ದು ಕಾಣದಿರಲಿ.

ಪ್ರೈಮರ್ ಬಗ್ಗೆ ಹೆಚ್ಚು ಗಮನ ಕೊಡಬೇಕು, ಏಕೆಂದರೆ ಚಿತ್ರದ ಆಯುಸ್ಸು ಇದರ ಮೇಲೆ ನಿಂತಿದೆ. ಲೇಪವಿಲ್ಲದ ಬಟ್ಟೆಗೆ ತೈಲವರ್ಣ ನೇರವಾಗಿ ತಾಗಿದರೆ ಅಗಸೆ ಎಣ್ಣೆ ಎಳೆಗಳೊಳಗೆ ಇಳಿದು, ಕಾಲಕ್ರಮೇಣ ಅವನ್ನು ಕಂದಿಸಿ ಪೆಡಸುಗೊಳಿಸುತ್ತದೆ. ಅಕ್ರಿಲಿಕ್ ಜೆಸ್ಸೊ ಎಂಬ ಬಿಳಿಯ ಪ್ರೈಮರ್ ಹಚ್ಚಿದ ಕ್ಯಾನ್ವಾಸ್ ಎರಡೂ ಬಗೆಯ ಬಣ್ಣಕ್ಕೆ ಒಗ್ಗುತ್ತದೆ. ಎಣ್ಣೆಯ ಪ್ರೈಮರ್ ಹಚ್ಚಿದ ಕ್ಯಾನ್ವಾಸ್ ಮಾತ್ರ ತೈಲವರ್ಣಕ್ಕೇ ಮೀಸಲು. ಅದರ ಮೇಲೆ ಅಕ್ರಿಲಿಕ್ ಸರಿಯಾಗಿ ಹಿಡಿಯದೆ ಸುಲಿದು ಬರುತ್ತದೆ. ಕೊಳ್ಳುವಾಗ ಕ್ಯಾನ್ವಾಸನ್ನು ಬೆಳಕಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಂಡರೆ ಲೇಪ ತೆಳುವಾಗಿದೆಯೆಂದು ಅರ್ಥ, ಎಣ್ಣೆ ಅಲ್ಲಿಂದ ಹಿಂಬದಿಗೆ ಜಿನುಗುತ್ತದೆ. ಅಂಥದ್ದನ್ನು ಈಗಾಗಲೇ ಕೊಂಡಿದ್ದರೆ, ಸ್ವಲ್ಪ ನೀರು ಬೆರೆಸಿದ ಜೆಸ್ಸೊವನ್ನು ಒಮ್ಮೆ ಉದ್ದಕ್ಕೆ, ಒಣಗಿದ ಮೇಲೆ ಮತ್ತೊಮ್ಮೆ ಅಡ್ಡಕ್ಕೆ ಹಚ್ಚಿ, ನಯವಾದ ಮರಳು ಕಾಗದದಿಂದ ಹಗುರವಾಗಿ ಉಜ್ಜಿದರೆ ಅದೂ ಕೆಲಸಕ್ಕೆ ಬರುತ್ತದೆ. ಬಳಿಕ ತೈಲವರ್ಣ ಹಚ್ಚುವುದಾದರೆ ಮೂರು ದಿನ ಒಣಗಲು ಬಿಡುವುದು ಒಳಿತು.

ಬಟ್ಟೆಯನ್ನು ಅಷ್ಟು ಪರೀಕ್ಷಿಸುವವರೂ ಅದನ್ನು ಬಿಗಿದ ಮರದ ಚೌಕಟ್ಟನ್ನು ನೋಡುವುದೇ ಇಲ್ಲ. ಚೌಕಟ್ಟನ್ನು ಸಮತಟ್ಟಾದ ಮೇಜಿನ ಮೇಲಿಟ್ಟಾಗ ಯಾವ ಮೂಲೆಯೂ ಮೇಲೇಳಬಾರದು. ಎರಡು ಕರ್ಣಗಳನ್ನು ಟೇಪಿನಿಂದ ಅಳೆದರೆ ಒಂದೇ ಉದ್ದ ಬರಬೇಕು. ಪಟ್ಟಿಯ ಮುಂಬದಿ ಒಳಅಂಚಿನ ಕಡೆಗೆ ಇಳಿಜಾರಾಗಿ ಹೆರೆದಿರಬೇಕು; ಇಲ್ಲದಿದ್ದರೆ ಬಟ್ಟೆ ಮರಕ್ಕೆ ತಾಗಿ, ಕುಂಚದ ಒತ್ತಡಕ್ಕೆ ಚಿತ್ರದ ಸುತ್ತಲೂ ಗೆರೆ ಮೂಡುತ್ತದೆ, ಆ ಗೆರೆಯನ್ನು ಆಮೇಲೆ ಅಳಿಸಲಾಗದು. ಮೂರಡಿ ದಾಟಿದ ಚೌಕಟ್ಟಿಗೆ ನಡುವೆ ಅಡ್ಡಪಟ್ಟಿ ಇರಲೇಬೇಕು. ಮೂಲೆಗಳಲ್ಲಿ ಬೆಣೆ ಹೊಡೆಯಲು ಸೀಳು ಇದ್ದರೆ ಇನ್ನೂ ಒಳ್ಳೆಯದು, ಸಡಿಲವಾದ ಕ್ಯಾನ್ವಾಸನ್ನು ನೀವೇ ಬಿಗಿ ಮಾಡಿಕೊಳ್ಳಬಹುದು. ಬೆರಳಿನಿಂದ ತಟ್ಟಿದಾಗ ಬಟ್ಟೆ ಮದ್ದಳೆಯಂತೆ ದನಿ ಕೊಡಬೇಕು. ಚಿತ್ರಕ್ಕೆ ಹೊರ ಚೌಕಟ್ಟು ಹಾಕಿಸದೆ ಹಾಗೆಯೇ ತೂಗುಹಾಕುವುದಾದರೆ, ಸ್ಟೇಪಲ್ ಪಿನ್ನುಗಳು ಬದಿಯಲ್ಲಿರದೆ ಹಿಂದಿರುವ, ಒಂದೂವರೆ ಇಂಚು ದಪ್ಪದ ಕ್ಯಾನ್ವಾಸ್ ಕೊಳ್ಳಿ.

ಚಿಕ್ಕ ಅಧ್ಯಯನಗಳಿಗೆ ರಟ್ಟಿನ ಮೇಲೆ ಬಟ್ಟೆ ಅಂಟಿಸಿದ ಕ್ಯಾನ್ವಾಸ್ ಬೋರ್ಡ್ ಅಗ್ಗ, ಒಯ್ಯಲೂ ಸುಲಭ. ಆದರೆ ತೇವಕ್ಕೆ ರಟ್ಟು ಬಾಗುವುದರಿಂದ ದೊಡ್ಡ ಅಳತೆಗೆ ಅದು ತರವಲ್ಲ. ಮೈಸೂರು ಶೈಲಿಯ ಚಿತ್ರ ಬರೆಯುವವರು ಬಿಗಿದ ಕ್ಯಾನ್ವಾಸಿನ ಗೋಜಿಗೆ ಹೋಗದಿರುವುದೇ ಲೇಸು. ಉಬ್ಬಿಸಿದ ಜೆಸ್ಸೊ ಕೆಲಸಕ್ಕೂ (ಇಲ್ಲಿ ಜೆಸ್ಸೊ ಎಂದರೆ ಅಕ್ರಿಲಿಕ್ ಲೇಪವಲ್ಲ, ಉಬ್ಬು ಚಿತ್ತಾರಕ್ಕೆ ಬಳಸುವ, ಒಣಗಿ ಗಟ್ಟಿಯಾಗುವ ಸರಿ) ಅದರ ಮೇಲಿನ ಚಿನ್ನದ ರೇಕಿಗೂ ಅಲುಗದ ತಳ ಬೇಕು, ಬಾಗುವ ಬಟ್ಟೆಯ ಮೇಲೆ ಅದು ಬಿರುಕು ಬಿಡುತ್ತದೆ. ಆ ಪರಂಪರೆಯ ಕಲಾವಿದರು ಕಾಗದವನ್ನೋ ಬಟ್ಟೆಯನ್ನೋ ಹಲಗೆಗೆ ಅಂಟಿಸಿಕೊಂಡು ಬರೆಯುತ್ತಿದ್ದುದಕ್ಕೆ ತಾಂತ್ರಿಕ ಕಾರಣವೂ ಇದೆ.

ಕರಾವಳಿ ಮತ್ತು ಮಲೆನಾಡಿನಲ್ಲಿರುವವರು ಮಳೆಗಾಲವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಆರಿಸಬೇಕು. ಹತ್ತಿಯೂ ಲಿನನ್ನೂ ಗಾಳಿಯ ತೇವವನ್ನು ಹೀರಿ, ಬೇಸಗೆಯಲ್ಲಿ ಬಿಟ್ಟುಕೊಡುತ್ತವೆ. ಬಟ್ಟೆ ಹೀಗೆ ಹಿಗ್ಗುತ್ತ ಕುಗ್ಗುತ್ತ ಇದ್ದರೆ ಮೇಲಿನ ಗಟ್ಟಿಯಾದ ತೈಲವರ್ಣಕ್ಕೆ ಜೊತೆಯಲ್ಲಿ ಅಲುಗಲಾಗದೆ ಬಿರುಕು ಕಾಣಿಸಿಕೊಳ್ಳುತ್ತದೆ. ಅಲ್ಲಿ ಬೆಣೆಯಿರುವ ಚೌಕಟ್ಟು, ಚೆನ್ನಾಗಿ ಒಣಗಿದ ಮರ, ದಟ್ಟ ನೇಯ್ಗೆ, ಇವುಗಳಿಗೆ ಹೆಚ್ಚು ಹಣ ಕೊಟ್ಟರೂ ಅದು ಸಾರ್ಥಕ. ಪಾಲಿಯೆಸ್ಟರ್ ಕ್ಯಾನ್ವಾಸ್ ತೇವವನ್ನು ಅಷ್ಟಾಗಿ ಹೀರದಿರುವುದರಿಂದ ಅದನ್ನೂ ಪರಿಗಣಿಸಬಹುದು. ಕೊಂಡು ತಂದ ಕ್ಯಾನ್ವಾಸನ್ನು ಪ್ಲಾಸ್ಟಿಕ್ಕಿನೊಳಗೆ ಮಳೆಗಾಲವಿಡೀ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ; ಹೊದಿಕೆ ತೆಗೆದು, ಹೊರಗೋಡೆಗೆ ತಾಗದಂತೆ, ಹಿಂಬದಿಗೂ ಗಾಳಿಯಾಡುವ ಕಡೆ ನೆಟ್ಟಗೆ ನಿಲ್ಲಿಸಿಡಿ.