ಮೂರು ಮಳೆಗಾಲ ಕಂಡ ಬ್ರಷ್ಷುಗಳು

ಕಳೆದ ಮಳೆಗಾಲ ಮುಗಿದ ಮೇಲೆ ಅಟ್ಟದಿಂದ ಇಳಿಸಿದ ಬಣ್ಣ ಬಳಿಯುವ ಹನ್ನೊಂದು ಬ್ರಷ್ಷುಗಳಲ್ಲಿ ಹತ್ತರ ಕೂದಲು ಹೊಸದರಷ್ಟೇ ಮೆತ್ತಗಿತ್ತು. ಅವುಗಳಲ್ಲಿ ನಾಲ್ಕು ಮೂರನೆಯ ಮಳೆಗಾಲ ಕಂಡವು. "ಬ್ರಷ್ ತೊಳೆಯುತ್ತ ಕೂರುವ ಹೊತ್ತಿಗೆ ಎರಡು ಕಿಟಕಿ ಮುಗಿಸಬಹುದಲ್ಲ ಮಾರಾಯ" ಎಂದು ನಗುತ್ತಿದ್ದ ಮಡಿಕೇರಿಯ ಹಿರಿಯ ಮೇಸ್ತ್ರಿಯೊಬ್ಬರು ಆ ಕೂದಲನ್ನು ಅಂಗೈಗೆ ಒತ್ತಿ ನೋಡಿ, ಏನೂ ಹೇಳದೆ, ಒಂದನ್ನು ಕೇಳಿ ಪಡೆದುಕೊಂಡು ಹೋದರು.

ಮೊದಲು ನಾನೂ ಎಲ್ಲರಂತೆ ಬ್ರಷ್ಷುಗಳನ್ನು ಎಣ್ಣೆ ಬಣ್ಣ ಕರಗಿಸುವ ಟರ್ಪೆಂಟೈನ್ ಡಬ್ಬಿಯಲ್ಲಿ ನಿಲ್ಲಿಸಿಟ್ಟು ಮನೆಗೆ ಹೋಗುತ್ತಿದ್ದೆ. ಕೂದಲ ತುದಿ ಬಾಗುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಲೆಯಲ್ಲಿ ಬಿದ್ದವುಗಳಿಗೆ ಬೂಷ್ಟು ಹಿಡಿದು, ಕೂದಲನ್ನು ಹಿಡಿಗೆ ಬಿಗಿಯುವ ತಗಡಿನ ಪಟ್ಟಿ ತುಕ್ಕಾಗುತ್ತಿತ್ತು. ಒಮ್ಮೆ ಅಂಥದ್ದೇ ಬ್ರಷ್ಷಿನಿಂದ ಉದುರಿದ ಕೂದಲು ಮುಂಬಾಗಿಲಿನ ಬಿಳಿ ಎನಾಮೆಲ್‌ನಲ್ಲಿ ಅಂಟಿಕೊಂಡದ್ದರಿಂದ, ಮರಳು ಕಾಗದ ಹಾಕಿ ಉಜ್ಜಿ ಮತ್ತೆ ಬಳಿಯಬೇಕಾಯಿತು. ಎರಡು ದಿನದ ಕೂಲಿಯೂ ಬಣ್ಣವೂ ಸೇರಿ ಸುಮಾರು 2500 ರೂಪಾಯಿ ನನ್ನ ಕೈಯಿಂದಲೇ ಹೋಯಿತು.

ಈಗ ಎಣ್ಣೆ ಬಣ್ಣಕ್ಕೆ ಮೂರು ಡಬ್ಬಿಗಳನ್ನು ಇಟ್ಟುಕೊಂಡಿದ್ದೇನೆ. ಹಳೆಯ ಪತ್ರಿಕೆಯ ಮೇಲೆ ಒರೆಸಿದ ಬ್ರಷ್ಷನ್ನು ಮೊದಲು ಕೊಳೆಯಾದ ಟರ್ಪೆಂಟೈನ್‌ನಲ್ಲಿ, ಆಮೇಲೆ ಅದಕ್ಕಿಂತ ತಿಳಿಯಾದದ್ದರಲ್ಲಿ, ಕೊನೆಗೆ ಶುದ್ಧವಾದದ್ದರಲ್ಲಿ ಅದ್ದಿ, ಪ್ರತಿ ಸಲವೂ ಬುಡದಿಂದ ತುದಿಗೆ ಹಳೆಯ ಬಾಚಣಿಗೆಯಿಂದ ಬಾಚುತ್ತೇನೆ. ಏಕೆಂದರೆ ಬ್ರಷ್ ಹೆಚ್ಚಾಗಿ ಕೆಡುವುದು ತಗಡಿನ ಪಟ್ಟಿಯೊಳಗೆ ಸೇರಿ ಗಟ್ಟಿಯಾದ ಬಣ್ಣದಿಂದಲೇ. ಮೊದಲ ಡಬ್ಬಿಯನ್ನು ಮುಚ್ಚಿ ಒಂದು ವಾರ ಅಲುಗಾಡಿಸದೆ ಇಟ್ಟರೆ ಗಸಿ ತಳ ಸೇರುತ್ತದೆ, ಮೇಲಿನ ತಿಳಿಯನ್ನು ಬಸಿದು ಮತ್ತೆ ಬಳಸಬಹುದು. ತಿಂಗಳಿಗೆ ಸುಮಾರು ನಾಲ್ಕು ಲೀಟರ್ ಕೊಳ್ಳುತ್ತಿದ್ದವನಿಗೆ ಈಗ ಒಂದೂವರೆ ಸಾಕಾಗುತ್ತದೆ. ಗಸಿಯನ್ನು ತೋಟದ ಚರಂಡಿಗೆ ಸುರಿಯದೆ ಮರದ ಹೊಟ್ಟಿಗೆ ಕಲಸಿ ಬಯಲಿನಲ್ಲಿ ತೆಳುವಾಗಿ ಹರಡಿ ಒಣಗಿಸುತ್ತೇನೆ. ಎಣ್ಣೆ ಬಣ್ಣ ಒರೆಸಿದ ಬಟ್ಟೆಗಳನ್ನೂ ಹಾಗೆಯೇ ಬಿಡಿಸಿ ಹಾಕಬೇಕು. ಮುದ್ದೆಯಾಗಿಟ್ಟರೆ ತಾವಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲವು.

ಕೊನೆಯ ತೊಳೆತಕ್ಕೆ ಅಂಟುವಾಳಕಾಯಿಯ ನೀರು. ಅದನ್ನು ಎಷ್ಟು ಹೊತ್ತು ನೆನೆಸುತ್ತೇನೆ, ಜೊತೆಗೆ ಏನು ಹಾಕುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನನ್ನ ಹೊಟ್ಟೆಪಾಡಿಗೂ ಏನಾದರೂ ಉಳಿಯಬೇಕಲ್ಲ.

ಗೋಡೆಗೆ ಬಳಿಯುವ ನೀರಿನ ಬಣ್ಣವಾದ ಎಮಲ್ಷನ್ ಒಣಗಿ ಕಲ್ಲಾದ ಬ್ರಷ್ಷಿಗೆ ಬಿಸಿ ವಿನೆಗರ್ ಒಳ್ಳೆಯದೆಂದು ಕೇಳಿದಾಗ, ಕೊಡಗಿನ ಹಂದಿಮಾಂಸದ ಪಂದಿ ಕರಿಗೆ ಹಾಕುವ ಕಪ್ಪು ಹುಳಿ, ಮನೆಯಲ್ಲಿದ್ದ ಕಾಚಂಪುಳಿಯನ್ನೇ ಅರ್ಧ ಬಟ್ಟಲು ಕಾಯಿಸಿ ಪ್ರಯೋಗ ಮಾಡಿದ್ದೆ. ಬಣ್ಣ ತುಸು ಸಡಿಲವಾದದ್ದು ನಿಜ, ಆದರೆ ಕೂದಲು ಕಪ್ಪಾಗಿ, ಮರುದಿನ ಕೆನೆಬಣ್ಣದ ಗೋಡೆಯ ಮೇಲೆ ಕಂದು ಗೆರೆಗಳು ಮೂಡಿದವು. "ಪಂದಿ ಕರಿಗೆ ಇಟ್ಟದ್ದನ್ನು ಹಂದಿ ಕೂದಲಿಗೆ ಹಾಕಿದಿರಾ?" ಎಂದು ಹೆಂಡತಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂಗಡಿಯ ಬಿಳಿ ವಿನೆಗರ್ ಅದಕ್ಕಿಂತ ಅಗ್ಗ, ಅರ್ಧ ಗಟ್ಟಿಯಾದವನ್ನು ಅದು ಬಿಡಿಸುತ್ತದೆ. ಪೂರಾ ಕಲ್ಲಾದವುಗಳ ಆಸೆಯನ್ನು ಬಿಡುವುದೇ ಲೇಸು. ಕೂದಲು ಮೆತ್ತಗಿರಲೆಂದು ಕೊಬ್ಬರಿ ಎಣ್ಣೆ ಸವರಿದ್ದೂ ಉಂಟು. ಡಿಸೆಂಬರಿನ ಚಳಿಗೆ ಎಣ್ಣೆ ಹೆಪ್ಪುಗಟ್ಟಿತು, ಅದರ ಜಿಡ್ಡು ಉಳಿದ ಬ್ರಷ್ಷಿನಿಂದ ಬಳಿದ ಎಮಲ್ಷನ್ ಗೋಡೆಗೆ ಅಲ್ಲಲ್ಲಿ ಹಿಡಿಯಲೇ ಇಲ್ಲ.

ತೊಳೆದ ಬ್ರಷ್ಷಿಗೆ ಆಕಾರ ಕೆಡದಂತೆ ಕಾಗದ ಸುತ್ತಿ, ಕೂದಲು ಕೆಳಗಾಗಿ ಎರಡು ದಿನ ನೆರಳಿನಲ್ಲಿ ತೂಗುಹಾಕಿ, ಟರ್ಪೆಂಟೈನಿನ ವಾಸನೆ ಪೂರ್ತಿ ಹೋದ ಮೇಲಷ್ಟೇ ಸೌದೆ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತೇನೆ. ಮಳೆಗಾಲದುದ್ದಕ್ಕೂ ಬೆಚ್ಚಗಿರುವ ಜಾಗ ಮನೆಯಲ್ಲಿ ಅದೊಂದೇ. ಹನ್ನೊಂದನೆಯದನ್ನು ಅವಸರದಲ್ಲಿ, ಬುಡ ಇನ್ನೂ ಒದ್ದೆಯಿದ್ದಾಗಲೇ ಏರಿಸಿದ್ದೆ. ಅದರ ಹಿಡಿ ಸೀಳಿ, ಪಟ್ಟಿ ಸಡಿಲವಾಗಿತ್ತು. ಈಗ ಅದರಿಂದ ಕಿಟಕಿ ಸರಳುಗಳ ಧೂಳು ಹೊಡೆಯುತ್ತೇನೆ.