ಎಂಜಿಬಿ ಕಾರಿನ ಪಿಕಪ್ ತಡವರಿಸುತ್ತಿದೆಯಾ? ಮೊದಲು ಕಾರ್ಬುರೇಟರ್ ಎಣ್ಣೆ ನೋಡಿ

1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಎಂಜಿಬಿ ಕಾರುಗಳಲ್ಲಿ ಹೆಚ್ಚಿನವಕ್ಕೆ ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಇರುತ್ತವೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಡಿ ಒಂದು ಕ್ಷಣ ಮುಗ್ಗರಿಸಿದರೆ ಸುಮ್ನೆ ಟ್ಯೂನಿಂಗ್ ಸ್ಕ್ರೂ ತಿರುಗಿಸಲು ಹೋಗಬೇಡಿ.

ಕಾರ್ಬುರೇಟರ್ ತಲೆಯ ಮೇಲಿನ ಸಣ್ಣ ಮುಚ್ಚಳ ತಿರುಗಿಸಿ ಎತ್ತಿ. ಅದರ ಜೊತೆ ಒಂದು ಕಡ್ಡಿ ಬರುತ್ತೆ, ಅದೇ ಡ್ಯಾಂಪರ್. ಕಾರ್ಬುರೇಟರ್ ಒಳಗಿನ ಪಿಸ್ಟನ್ ಏಕ್‌ದಂ ಮೇಲೇಳದಂತೆ ಎಣ್ಣೆ ತಡೆಯುತ್ತೆ, ಆಗ ಇಂಜಿನ್‌ಗೆ ಆ ಕ್ಷಣಕ್ಕೆ ಪೆಟ್ರೋಲ್ ಸ್ವಲ್ಪ ಜಾಸ್ತಿ ಸಿಗುತ್ತೆ. ಎಣ್ಣೆ ಒಣಗಿದ್ದರೆ ಮುಗ್ಗರಿಸದೆ ಇರುತ್ತಾ?

ಕಡ್ಡಿ ಬಂದ ತೂತಿಗೆ 20 ಗ್ರೇಡಿನ ಇಂಜಿನ್ ಆಯಿಲ್ ಸ್ವಲ್ಪ ಸ್ವಲ್ಪವಾಗಿ ಹಾಕಿ, ಡ್ಯಾಂಪರ್ ಇಳಿಸಿ ನೋಡಿ. ಮುಚ್ಚಳದ ತಿರುಪು ಕೂರಲು ಇನ್ನೂ 6 ಮಿ.ಮೀ. ಇರುವಾಗಲೇ ಬೆರಳಿಗೆ ತಡೆ ಸಿಕ್ಕರೆ ಅಷ್ಟು ಸಾಕು.

ಡ್ಯಾಂಪರ್ ಹೊರಗಿರುವಾಗಲೇ ಪಿಸ್ಟನ್ನನ್ನೂ ಎತ್ತಿ ಬಿಡಿ. 'ಟಕ್' ಅಂತ ಬೀಳಬೇಕು. ಸಿಕ್ಕಿಕೊಂಡರೆ ಬಿಚ್ಚಿ, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ. ಉಪ್ಪುಕಾಗದ ಮುಟ್ಟಿಸಲೇಬೇಡಿ. ಒಂದು ಕಾರ್ಬುರೇಟರ್‌ನ ಪಿಸ್ಟನ್ ಇನ್ನೊಂದಕ್ಕೆ ಹಾಕಬೇಡಿ, ಪಿಸ್ಟನ್ನೂ ಅದರ ಮೇಲಿನ ಗುಮ್ಮಟವೂ ಜೋಡಿಯಾಗಿಯೇ ಬಂದಿರುತ್ತವೆ.